ಸೆಂಟಿನ ಬಾಟಲಿಗೆ ಯಾವ ಗಾಜು? ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಸಂಗತಿಗಳು

ದಾವಣಗೆರೆ ಮಂಡಿಪೇಟೆಯ ನಮ್ಮ ಬಾಟಲಿ ಅಂಗಡಿಗೆ ಮೊದಲೆಲ್ಲ ಸೆಂಟಿನ ಬಾಟಲಿ ಕೇಳಿಕೊಂಡು ಬರುತ್ತಿದ್ದವರು ಅತ್ತರು ಮಾರುವವರು ಮಾತ್ರ. ರಂಜಾನ್ ಹತ್ತಿರವಾದಾಗ ಬರುತ್ತಿದ್ದರು. ತಮಗೆ ಬೇಕಾದದ್ದು ಏನೆಂದು ಅವರಿಗೆ ಗೊತ್ತಿರುತ್ತಿತ್ತು, ಎರಡು ಮಾತಿನಲ್ಲಿ ವ್ಯಾಪಾರ ಮುಗಿಯುತ್ತಿತ್ತು. ಈಗ ಮನೆಯಲ್ಲೇ ಪರಿಮಳ ಬೆರೆಸಿ ಸ್ವಂತ ಹೆಸರಿನಲ್ಲಿ ಮಾರಲು ಹೊರಟವರು ಬರುತ್ತಾರೆ, ಸ್ತ್ರೀಶಕ್ತಿ ಸಂಘದವರು ಬರುತ್ತಾರೆ, ಮದುವೆಯ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಒಂದು ಪುಟ್ಟ ಬಾಟಲಿ ಇಡಬೇಕೆನ್ನುವವರೂ ಬರುತ್ತಾರೆ. ಮೊಬೈಲಿನಲ್ಲಿ ಹತ್ತು ಕಡೆ ಓದಿಕೊಂಡೇ ಬಂದಿರುತ್ತಾರಾದ್ದರಿಂದ ಪ್ರಶ್ನೆಗಳೂ ಜೋರು. ಸಾದಾ ಗಾಜು ಸಾಕೇ? ಬೋರೋಸಿಲಿಕೇಟ್ ಆಗಬೇಕೇ? ಕ್ರಿಸ್ಟಲ್ ಎಂದರೆ ಒಳ್ಳೆಯದಲ್ಲವೇ? ಕಂದು ಬಾಟಲಿ ಇಟ್ಟರೆ ಔಷಧಿಯಂತೆ ಕಾಣುತ್ತದಲ್ಲ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತರಲ್ಲಿ ಎಂಟು ಜನರಿಗೆ ಸಾದಾ ಗಾಜೇ ಸಾಕು, ಉಳಿದ ಹಣ ಬಾಟಲಿಯ ಕುತ್ತಿಗೆಗೂ ಪಂಪಿಗೂ ಹೋಗಬೇಕು. ಪರಿಮಳ ಹಾಳಾಗಿದೆ, ಕಡಿಮೆಯಾಗಿದೆ ಎಂದು ವಾಪಸು ಬರುವ ದೂರುಗಳಲ್ಲಿ ಗಾಜಿನ ಜಾತಿಯದು ತಪ್ಪೆಂದು ಹೇಳಬಹುದಾದದ್ದು ತೀರಾ ಅಪರೂಪ. ಆದರೆ ಉಳಿದ ಇಬ್ಬರು ಯಾರು ಎಂದು ತಿಳಿಯಬೇಕಾದರೆ ಲೆಕ್ಕ ಹಾಕಿ ನೋಡಬೇಕು.

ಯಾವುದರ ಮೇಲೆ ತೀರ್ಮಾನ ನಿಲ್ಲುತ್ತದೆ

ಒಳಗೆ ತುಂಬುವುದು ಏನು ಎನ್ನುವುದು ಮೊದಲನೆಯದು. ಆಲ್ಕೋಹಾಲ್ ಬೆರೆತ ಸ್ಪ್ರೇ ಒಂದು ಬಗೆ, ಎಣ್ಣೆಯ ಅತ್ತರು ಇನ್ನೊಂದು, ಪನ್ನೀರಿನಂಥ ನೀರಿನ ಸರಕು ಮತ್ತೊಂದು. ಗಾಜಿನಿಂದ ಸೂಕ್ಷ್ಮವಾಗಿ ಕ್ಷಾರ ಬಿಡುವುದು ಮುಖ್ಯವಾಗಿ ನೀರಿಗೆ. ಆಲ್ಕೋಹಾಲ್ ಹೆಚ್ಚಿರುವ ದ್ರವಕ್ಕೂ ಎಣ್ಣೆಗೂ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ.

ಎರಡನೆಯದು ಬೆಳಕು. ಬಾಟಲಿ ಪೆಟ್ಟಿಗೆಯೊಳಗೆ ಇರುತ್ತದೆಯೋ, ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಂಜೆಯ ಬಿಸಿಲು ಉಣ್ಣುತ್ತದೆಯೋ? ಮೂರನೆಯದು ಬಿಸಿ ಮತ್ತು ಸಾಗಾಟ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಏಪ್ರಿಲ್‌ನಲ್ಲಿ ಪಾರಾ 40 ಡಿಗ್ರಿಯ ಹತ್ತಿರ ಸುಳಿಯುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ 60 ಡಿಗ್ರಿ ಮುಟ್ಟಿದರೂ ಆಶ್ಚರ್ಯವಿಲ್ಲ. ಇದರ ಜೊತೆಗೆ ನೋಟ, ತೂಕ, ಬೆಲೆ. ಮತ್ತು ಹೆಚ್ಚಿನವರು ಮರೆಯುವ ಒಂದು ಮಾತು: ಕಡಿಮೆ ಸಂಖ್ಯೆಯಲ್ಲಿ ಸಿಗುತ್ತದೆಯೇ? ಕಾರ್ಖಾನೆಯವರು ನಿಮಗಾಗಿಯೇ ಅಚ್ಚು ಮಾಡಿಕೊಡಬೇಕಾದರೆ ಸಾವಿರಗಟ್ಟಲೆ ಬಾಟಲಿ ಕೊಳ್ಳಬೇಕು. ಇನ್ನೂರು ಬಾಟಲಿ ಬೇಕಾದವರ ಆಯ್ಕೆ ಆಗಲೇ ಅರ್ಧ ಮುಗಿದಿರುತ್ತದೆ: ಮಾರುಕಟ್ಟೆಯಲ್ಲಿ ಸಿದ್ಧವಿರುವ ಆಕಾರಗಳಲ್ಲಿ ಒಂದು.

ಸಾದಾ ಗಾಜು, ಅಂದರೆ ಸೋಡಾ ಲೈಮ್

ಕೈಯ ಬಳೆ, ಕಿಟಕಿಯ ಗಾಜು, ಗೋಲಿ ಸೋಡಾದ ಬಾಟಲಿ ಎಲ್ಲವೂ ಈ ಕುಲದವೇ. ಶೇಕಡ 70ಕ್ಕಿಂತ ಸ್ವಲ್ಪ ಹೆಚ್ಚು ಮರಳಿನ ಸಿಲಿಕಾ, ಉಳಿದದ್ದು ಬಹುಪಾಲು ಸೋಡಾ ಮತ್ತು ಸುಣ್ಣ. ಉತ್ತರ ಪ್ರದೇಶದ ಫಿರೋಜಾಬಾದ್ ಬಳೆಗೆ ಹೆಸರಾದದ್ದು ಇದರಿಂದಲೇ, ಸಣ್ಣ ಅತ್ತರು ಬಾಟಲಿಗಳೂ ಅಲ್ಲಿಂದ ಬರುತ್ತವೆ. ಅಚ್ಚುಕಟ್ಟಾದ ದಪ್ಪ ತಳದ ಬಾಟಲಿ ಬೇಕೆಂದರೆ ಗುಜರಾತಿನ ಕಾರ್ಖಾನೆಗಳ ಮಾಲು ನೋಡಿ. ಬಿಲ್ಲಿನಲ್ಲಿ ‘ಫ್ಲಿಂಟ್’ ಎಂದು ಬರೆದಿದ್ದರೆ ಗಾಬರಿ ಬೇಡ, ಬಣ್ಣವಿಲ್ಲದ ಸಾದಾ ಗಾಜಿಗೆ ವ್ಯಾಪಾರದಲ್ಲಿ ಇರುವ ಹೆಸರು ಅದು.

ಪ್ರಪಂಚದ ದುಬಾರಿ ಸೆಂಟುಗಳಲ್ಲಿ ಹೆಚ್ಚಿನವು ಇರುವುದೂ ಇದೇ ಗಾಜಿನಲ್ಲಿ. ಮರಳು ಶುದ್ಧವಾಗಿರುತ್ತದೆ, ಕಬ್ಬಿಣದ ಅಂಶ ಕಡಿಮೆಯಿರುವುದರಿಂದ ಹಸಿರು ಛಾಯೆ ಬರುವುದಿಲ್ಲ, ತಳ ದಪ್ಪವಾಗಿರುತ್ತದೆ. ವ್ಯತ್ಯಾಸ ಇಷ್ಟೇ. ಹಾಗಾಗಿ ಅಂಗಡಿಯಲ್ಲಿ ಎರಡು ಬಾಟಲಿ ಹೋಲಿಸುವಾಗ ಬಿಳಿ ಹಾಳೆಯ ಮೇಲಿಟ್ಟು ತಳದ ಅಂಚನ್ನು ನೋಡಿ. ಹಸಿರು ಹೆಚ್ಚು ಕಂಡದ್ದು ಅಗ್ಗದ ಗಾಜು. ಪರಿಮಳಕ್ಕೆ ಅದರಿಂದ ಏನೂ ಆಗುವುದಿಲ್ಲ, ನೋಟಕ್ಕೆ ಮಾತ್ರ ಕುಂದು.

ಇದರ ನಿಜವಾದ ದೌರ್ಬಲ್ಯ ಬೇರೆ. ಖಾಲಿ ಬಾಟಲಿಗಳನ್ನು ಪ್ಲಾಸ್ಟಿಕ್ ಸುತ್ತಿದಂತೆಯೇ ತೇವದ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಒಳಮೈ ಮೇಲೆ ತೆಳುವಾದ ಬಿಳಿ ಮಂಜು ಕೂರುತ್ತದೆ. ಗಾಜಿನ ಮೇಲ್ಮೈಯ ಸೋಡಾ ತೇವದ ಜೊತೆ ಸೇರಿ ಹೊರಬಂದದ್ದು ಅದು. ಮಳೆಗಾಲ ಕಳೆದ ಮೇಲೆ ರಿಯಾಯಿತಿಯಲ್ಲಿ ಸಿಗುವ ಹಳೆಯ ಮಾಲಿನಲ್ಲಿ ಇದು ಸಾಮಾನ್ಯ. ಬಾಟಲಿಯನ್ನು ಬೆಳಕಿಗೆ ಹಿಡಿದು ಕುತ್ತಿಗೆಯ ಕೆಳಗಿನ ಭುಜವನ್ನು ನೋಡಿ, ಮಂಜು ಮೊದಲು ಅಲ್ಲೇ ಕಾಣಿಸುತ್ತದೆ. ಹೊಸದಾಗಿ ಕೂತದ್ದು ತೊಳೆದರೆ ಹೋಗುತ್ತದೆ. ಹಳೆಯದಾಗಿ ಗಾಜನ್ನೇ ಕೊರೆದಿದ್ದರೆ ಹೋಗುವುದಿಲ್ಲ. ತೊಳೆದ ಮೇಲೆ ಪೂರ್ತಿ ಒಣಗಿಸಬೇಕು, ಒಳಗೆ ಉಳಿದ ನೀರಿನಿಂದ ಅತ್ತರು ಕದಡುತ್ತದೆ.

ಔಷಧಿ ಲೆಕ್ಕದಲ್ಲಿ ಮಾತಾಡುವ ಮಾರಾಟಗಾರರು ಟೈಪ್ 1, 2, 3 ಎನ್ನುತ್ತಾರೆ. ಟೈಪ್ 3 ಎಂದರೆ ಇದೇ ಸಾದಾ ಗಾಜು. ಟೈಪ್ 2 ಎಂದರೆ ಇದೇ ಗಾಜಿನ ಒಳಮೈಯಿಂದ ಕ್ಷಾರ ತೆಗೆದದ್ದು. ಟೈಪ್ 1 ಬೋರೋಸಿಲಿಕೇಟ್. ಚುಚ್ಚುಮದ್ದಿಗೆ ಈ ಭೇದ ಪ್ರಾಣದ ಪ್ರಶ್ನೆ, ಸೆಂಟಿಗೆ ಅಲ್ಲ.

ಬೋರೋಸಿಲಿಕೇಟ್: ಹೆಸರು ದೊಡ್ಡದು, ಕೆಲಸ ಚಿಕ್ಕದು

1880ರ ದಶಕದಲ್ಲಿ ಜರ್ಮನಿಯ ಯೇನಾದಲ್ಲಿ ಆಟೊ ಶಾಟ್ ರೂಪಿಸಿದ ಗಾಜು ಇದು. ಸಿಲಿಕಾ ಸುಮಾರು ಶೇಕಡ 80, ಬೋರಾನ್ ಆಕ್ಸೈಡ್ ಸುಮಾರು 13. ಬಿಸಿಗೆ ಹಿಗ್ಗುವುದು ಸಾದಾ ಗಾಜಿನ ಮೂರನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಒಲೆಯ ಬಿಸಿಯಿಂದ ತಣ್ಣೀರಿಗೆ ಬಂದರೂ ಸುಲಭವಾಗಿ ಸೀಳುವುದಿಲ್ಲ, ಪ್ರಯೋಗಾಲಯಕ್ಕೂ ಅಡುಗೆಮನೆಗೂ ಒಪ್ಪುತ್ತದೆ.

ಸೆಂಟಿನ ಬಾಟಲಿಯನ್ನು ಯಾರೂ ಒಲೆಯ ಮೇಲೆ ಇಡುವುದಿಲ್ಲ. ಸಾದಾ ಗಾಜಿನ ಬಾಟಲಿ ಕೂಡ ಒಮ್ಮೆಲೇ ಸುಮಾರು 40 ಡಿಗ್ರಿ ಏರುಪೇರನ್ನು ತಡೆದುಕೊಳ್ಳುವಂತೆ ಮಾಡಿರುತ್ತಾರೆ. ಅದನ್ನು ಸೀಳಲು ನಮ್ಮ ಬೇಸಿಗೆ ಸಾಲದು. ‘ಬೋರೋಸಿಲಿಕೇಟ್ ಬಿದ್ದರೆ ಒಡೆಯುವುದಿಲ್ಲ’ ಎನ್ನುವ ಮಾತನ್ನಂತೂ ನಂಬಬೇಡಿ. ಬಿಸಿಗೆ ಗಟ್ಟಿ ಎಂದಮಾತ್ರಕ್ಕೆ ಏಟಿಗೂ ಗಟ್ಟಿ ಎಂದಲ್ಲ. ತೆಳ್ಳಗಿನ ಬೋರೋಸಿಲಿಕೇಟ್ ಶೀಶೆಗಿಂತ ದಪ್ಪ ತಳದ ಸಾದಾ ಬಾಟಲಿಯೇ ನೆಲಕ್ಕೆ ಬಿದ್ದಾಗ ಬದುಕುವ ಸಂಭವ ಹೆಚ್ಚು.

ಹಾಗಾದರೆ ಯಾರಿಗೆ ಇದು? ಗಾಜಿನ ಕೊಳವೆಯಿಂದ ಎಳೆದು ಮಾಡುವ ಸಣ್ಣ ಶೀಶೆಗಳಿಗೆ: ಎರಡು, ಮೂರು, ಐದು ಮಿ.ಲೀ. ಸ್ಯಾಂಪಲ್, ತೆಳು ಗೋಡೆಯ ರೋಲ್‌-ಆನ್. ಇಂಥವುಗಳಲ್ಲಿ ಗೋಡೆ ಎಲ್ಲ ಕಡೆ ಒಂದೇ ದಪ್ಪ, ಗಾಜು ತಿಳಿ, ತೂಕ ಹಗುರ. ಇನ್ನೊಬ್ಬರು, ಮನೆಯಲ್ಲೇ ಭಟ್ಟಿ ಇಳಿಸುವ ಹವ್ಯಾಸಿಗಳು. ಅವರಿಗೆ ಬಾಟಲಿಗಿಂತ ಮುಂಚೆ ಬೀಕರು, ಫ್ಲಾಸ್ಕು ಬೇಕು, ಅದು ಬೋರೋಸಿಲಿಕೇಟೇ ಆಗಬೇಕು. ಮೂರನೆಯವರು ದವನದ ಎಣ್ಣೆ, ಗಂಧದೆಣ್ಣೆಯಂಥ ಬೆಲೆಬಾಳುವ ಮೂಲ ಸರಕನ್ನು ವರ್ಷಗಟ್ಟಲೆ ಇಡುವವರು. ಅಲ್ಲಿ ಗಾಜಿನ ಬೆಲೆ ಒಳಗಿರುವುದರ ಮುಂದೆ ಏನೂ ಅಲ್ಲ, ಅನುಮಾನಕ್ಕೆ ಎಡೆಯೇ ಬೇಡ ಎಂದು ಕೊಂಡರೆ ತಪ್ಪಿಲ್ಲ.

ಬೋರೋಸಿಲಿಕೇಟ್ ಎಂದು ಕೊಟ್ಟದ್ದು ಹೌದೋ ಅಲ್ಲವೋ ನೋಡಲು ಅಡುಗೆಮನೆಯ ಒಂದು ಉಪಾಯವಿದೆ. ಅಗಲ ಬಾಯಿಯ ಲೋಟದಲ್ಲಿ ಸೂರ್ಯಕಾಂತಿ ಎಣ್ಣೆ ಹಾಕಿ, ಖಾಲಿ ಶೀಶೆಯ ಒಳಗೂ ಅದೇ ಎಣ್ಣೆ ತುಂಬಿ, ಮುಳುಗಿಸಿ. ಅಡುಗೆ ಪಾತ್ರೆಯ ದರ್ಜೆಯ ಬೋರೋಸಿಲಿಕೇಟ್ ಆದರೆ ಮುಳುಗಿದ ಭಾಗ ಬಹುಮಟ್ಟಿಗೆ ಕಣ್ಣಿಗೆ ಕಾಣದಾಗುತ್ತದೆ, ಎಣ್ಣೆಯೊಳಗೆ ಏನೂ ಇಲ್ಲವೇನೋ ಎನ್ನುವಷ್ಟು. ಆ ಗಾಜು ಮತ್ತು ಎಣ್ಣೆ ಎರಡೂ ಬೆಳಕನ್ನು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದು ಇದಕ್ಕೆ ಕಾರಣ. ಔಷಧಿ ಶೀಶೆಯ ಬೋರೋಸಿಲಿಕೇಟ್ ಪೂರ್ತಿ ಮರೆಯಾಗದೆ ಮಸುಕಾಗುತ್ತದೆ. ಸಾದಾ ಗಾಜಿನ ಅಂಚುಗಳು ಮಾತ್ರ ಎಣ್ಣೆಯಲ್ಲೂ ಎದ್ದು ಕಾಣುತ್ತವೆ.

ಕ್ರಿಸ್ಟಲ್ ಎಂಬ ಹೊಳಪು

ಕ್ರಿಸ್ಟಲ್‌ನಲ್ಲಿ ಎರಡು ಬಗೆ. ನಿಜವಾದ ಲೆಡ್ ಕ್ರಿಸ್ಟಲ್‌ನಲ್ಲಿ ಸೀಸದ ಆಕ್ಸೈಡ್ ಇರುತ್ತದೆ. ಯುರೋಪಿನ ನಿಯಮದಂತೆ ಆ ಹೆಸರು ಪಡೆಯಲು ಕನಿಷ್ಠ ಶೇಕಡ 24 ಇರಬೇಕು. ಇಂಗ್ಲೆಂಡಿನಲ್ಲಿ 1670ರ ದಶಕದಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ ಇದನ್ನು ಬಳಕೆಗೆ ತಂದರು. ಭಾರ ಹೆಚ್ಚು, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಾದ, ಕಡೆದ ಮುಖಗಳಲ್ಲಿ ಕಾಮನಬಿಲ್ಲು. ಆದರೆ ದೀರ್ಘಕಾಲ ಇಟ್ಟ ಮದ್ಯಕ್ಕೆ ಇದರಿಂದ ಸೀಸ ಇಳಿಯುತ್ತದೆ ಎನ್ನುವುದು ತಿಳಿದ ವಿಷಯ. ಮೈಗೆ ಹಚ್ಚುವ ಸರಕನ್ನು ತಿಂಗಳುಗಟ್ಟಲೆ ಇದರಲ್ಲಿ ಇಟ್ಟು ಮಾರುವುದನ್ನು ನಾನಂತೂ ಒಪ್ಪುವುದಿಲ್ಲ. ದಿವಾನಖಾನೆಯ ಕಪಾಟಿನಲ್ಲಿ ಖಾಲಿ ನಿಂತರೆ ಚೆಂದ, ಅಷ್ಟೇ.

ಎರಡನೆಯ ಬಗೆ ಸೀಸವಿಲ್ಲದ್ದು. ಸೀಸದ ಬದಲು ಬೇರಿಯಂ, ಸತು ಮುಂತಾದವುಗಳ ಆಕ್ಸೈಡ್ ಹಾಕಿ ಹೊಳಪು ತರುತ್ತಾರೆ. ಆರೋಗ್ಯದ ತಕರಾರಿಲ್ಲ, ಬೆಲೆಯ ತಕರಾರು ಇದೆ. ಇನ್ನು ಮದುವೆ ಉಡುಗೊರೆಯ ಅಂಗಡಿಗಳಲ್ಲಿ ಕ್ರಿಸ್ಟಲ್ ಎಂದು ಮಾರುವ ಕಡೆದ ಅತ್ತರು ಬಾಟಲಿಗಳಲ್ಲಿ ಬಹಳಷ್ಟು ಸಾದಾ ಗಾಜಿಗೆ ಪಟ್ಟಿ ಕೊರೆದವು. ಅದರಲ್ಲಿ ಮೋಸವೆನ್ನುವಂಥದ್ದು ಬೆಲೆ ಮಾತ್ರ. ಗಾಜು ಸಾದಾ ಎಂದು ಗೊತ್ತಿದ್ದೇ ಸಾದಾ ಬೆಲೆಗೆ ಕೊಂಡರೆ ಒಳ್ಳೆಯ ವಸ್ತು. ಆದರೆ ಇಂಥ ಬಾಟಲಿಗಳಿಗೆ ಉಜ್ಜಿ ಕೂರಿಸಿದ ಗಾಜಿನ ಮುಚ್ಚಳ ಇರುತ್ತದೆ. ಎಣ್ಣೆಯ ಅತ್ತರನ್ನು ಅದು ಕೆಲವು ವಾರ ಹಿಡಿದುಕೊಳ್ಳುತ್ತದೆ, ಆಲ್ಕೋಹಾಲ್ ಮಾತ್ರ ಸಂದಿಯಲ್ಲಿ ಹಾರಿಹೋಗುತ್ತದೆ. ಸ್ಪ್ರೇ ಸೆಂಟನ್ನು ಅದರಲ್ಲಿ ತುಂಬಿ ಕೊಡಬೇಡಿ.

ಬಣ್ಣದ ಗಾಜು

ಕಂದು ಗಾಜಿನ ಬಣ್ಣ ಬರುವುದು ಕರಗಿದ ಗಾಜಿನಲ್ಲಿ ಕಬ್ಬಿಣ, ಗಂಧಕ, ಇಂಗಾಲ ಸೇರಿ. ಬೆಳಕಿನಲ್ಲಿ ಹಾನಿ ಮಾಡುವ ನೇರಳಾತೀತ ಭಾಗವನ್ನೂ ನೀಲಿಯ ಒಂದಷ್ಟನ್ನೂ ಅದು ತಡೆಯುತ್ತದೆ. ಬಣ್ಣವಿಲ್ಲದ ಗಾಜು ನೇರಳಾತೀತದ ಒಂದು ಭಾಗವನ್ನಷ್ಟೇ ತಡೆದು ಉಳಿದದ್ದನ್ನು ಒಳಬಿಡುತ್ತದೆ. ಕೋಬಾಲ್ಟ್ ನೀಲಿ ಗಾಜು ಕಣ್ಣಿಗೆ ಎಷ್ಟು ಗಾಢವಾಗಿ ಕಂಡರೂ ನೀಲಿ ಬೆಳಕನ್ನೂ ನೇರಳಾತೀತದ ಅಂಚನ್ನೂ ಬಿಟ್ಟುಕೊಡುತ್ತದೆ. ‘ನೀಲಿ ಇದೆಯಲ್ಲ, ಸಾಕು’ ಎಂದುಕೊಳ್ಳುವವರೇ ಹೆಚ್ಚು. ನೀಲಿ ಅಲಂಕಾರಕ್ಕೆ, ಕಂದು ರಕ್ಷಣೆಗೆ.

ಎಲ್ಲ ಪರಿಮಳಕ್ಕೂ ಈ ರಕ್ಷಣೆ ಬೇಕಿಲ್ಲ. ನಿಂಬೆ, ಕಿತ್ತಳೆ ಜಾತಿಯವು ಬೆಳಕಿಗೂ ಗಾಳಿಗೂ ಬೇಗ ಕೆಡುತ್ತವೆ. ವೆನಿಲಾ ಇರುವ ಮಿಶ್ರಣ ಕಂದಾಗುತ್ತದೆ, ಮಲ್ಲಿಗೆಯದೂ ಬಣ್ಣ ತಿರುಗುತ್ತದೆ. ಗಂಧದೆಣ್ಣೆ ಸಾಕಷ್ಟು ತಡೆದುಕೊಳ್ಳುತ್ತದೆ. ಹಾಗಾಗಿ ಬಣ್ಣವಿಲ್ಲದ ಬಾಟಲಿಯೇ ಬೇಕೆನ್ನುವವರು ಅದನ್ನು ಕಾಗದದ ಪೆಟ್ಟಿಗೆಯಲ್ಲಿಟ್ಟು ಮಾರಲಿ. ಬೆಳಕಿನ ಪ್ರಶ್ನೆ ಅಲ್ಲಿಗೆ ಮುಗಿಯಿತು, ಪೆಟ್ಟಿಗೆಯ ಖರ್ಚು ಕಂದು ಗಾಜಿಗೆ ಕೊಡುವ ಹೆಚ್ಚುವರಿ ಹಣದ ಆಸುಪಾಸಿನಲ್ಲೇ ಬೀಳುತ್ತದೆ. ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಡುವ ಬಾಟಲಿಗೆ ಮಾತ್ರ ಬಣ್ಣದ ನೀರು ತುಂಬಿ.

ಬಣ್ಣ ಗಾಜಿನೊಳಗೇ ಇದೆಯೋ, ಮೇಲೆ ಸಿಂಪಡಿಸಿದ್ದೋ ಎಂದು ನೋಡಲೇಬೇಕು. ಬಾಯಿಯ ಅಂಚನ್ನು ಬೆಳಕಿಗೆ ಹಿಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ: ಒಳಗಿನಿಂದಲೇ ಬಣ್ಣವಿದ್ದರೆ ಅಂಚೂ ಅದೇ ಬಣ್ಣ, ಸಿಂಪಡಿಸಿದ್ದಾದರೆ ಬಾಯಿಯ ಅಂಚು ಬಿಳಿ. ಸಿಂಪಡಿಸಿದ ಬಣ್ಣ, ಮಂಜಿನ ನೋಟದ ಫ್ರಾಸ್ಟೆಡ್ ಲೇಪ, ಚಿನ್ನದ ಅಕ್ಷರ ಇವುಗಳಿಗೆ ಇನ್ನೊಂದು ಪರೀಕ್ಷೆ ಇದೆ. ಹತ್ತಿಯನ್ನು ನೀವು ತುಂಬಲಿರುವ ಸೆಂಟಿನಲ್ಲೇ ಅದ್ದಿ ಇಪ್ಪತ್ತು ಸಲ ಉಜ್ಜಿ. ಹತ್ತಿಗೆ ಬಣ್ಣ ಬಂದರೆ, ನಾಳೆ ಗಿರಾಕಿಯ ಬಿಳಿ ಅಂಗಿಗೂ ಬರುತ್ತದೆ. ಆಮ್ಲದಲ್ಲಿ ಕೊರೆದು ಮಾಡಿದ ನಿಜವಾದ ಮಂಜುಗಾಜಿಗೆ ಈ ಭಯವಿಲ್ಲ, ಬೆಲೆ ಮಾತ್ರ ಹೆಚ್ಚು.

ಕುತ್ತಿಗೆಯ ಮಾತು

ಇಷ್ಟೆಲ್ಲ ಗಾಜಿನ ಚರ್ಚೆ ಮಾಡಿ ಸಡಿಲ ಪಂಪು ಹಾಕಿದರೆ ಎಲ್ಲವೂ ವ್ಯರ್ಥ. ಕುತ್ತಿಗೆಯಲ್ಲಿ ಎರಡು ಬಗೆ: ತಿರುಪಿನದು ಮತ್ತು ಕ್ರಿಂಪಿನದು. ಕ್ರಿಂಪ್ ಎಂದರೆ ಅಲ್ಯೂಮಿನಿಯಂ ಪಟ್ಟಿಯನ್ನು ಕುತ್ತಿಗೆಯ ಸುತ್ತ ಒತ್ತಿ ಕಚ್ಚಿಸುವುದು. 15 ಮಿ.ಮೀ. ಕುತ್ತಿಗೆ ಸೆಂಟಿನ ಬಾಟಲಿಗಳಲ್ಲಿ ಬಹಳ ಬಳಕೆಯಲ್ಲಿರುವುದು, ಪಂಪುಗಳೂ ಸುಲಭವಾಗಿ ಸಿಗುತ್ತವೆ. ಕ್ರಿಂಪ್ ಸೋರುವುದು ಕಡಿಮೆ, ನೋಟಕ್ಕೂ ಗಂಭೀರ. ಆದರೆ ಕೈಯ ಕ್ರಿಂಪಿಂಗ್ ಸಾಧನ ಬೇಕು, ಬಾಟಲಿ ಮರುತುಂಬಲು ಬರುವುದಿಲ್ಲ. ತಿರುಪಿನದಕ್ಕೆ ಸಾಧನ ಬೇಡ, ಮರುತುಂಬಬಹುದು, ತಪ್ಪು ತುಂಬಿದರೆ ಬಿಚ್ಚಬಹುದು. ಮೊದಲ ಸಲ ಮಾರುವವರಿಗೆ ನಾನು ತಿರುಪಿನದನ್ನೇ ಕೊಡುತ್ತೇನೆ.

ಪರೀಕ್ಷೆಗೆ ಅಕ್ಕಸಾಲಿಗರ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ತುಂಬಿ ಮುಚ್ಚಿದ ಬಾಟಲಿಯನ್ನು ತೂಗಿ, ತಳಕ್ಕೆ ಚೀಟಿ ಅಂಟಿಸಿ ತೂಕ ಬರೆದು, ಬೆಚ್ಚನೆಯ ಜಾಗದಲ್ಲಿ ಹಾಳೆಯ ಮೇಲೆ ಮಲಗಿಸಿಡಿ. ವಾರದ ನಂತರ ಮತ್ತೆ ತೂಗಿ. ಹಾಳೆಯ ಮೇಲೆ ಕಲೆ ಇಲ್ಲದಿದ್ದರೂ ತೂಕ ಇಳಿದಿದ್ದರೆ ಆಲ್ಕೋಹಾಲ್ ಆವಿಯಾಗಿ ಹೋಗುತ್ತಿದೆ ಎಂದು ತಿಳಿಯಿರಿ. ಒಂದರಲ್ಲಿ ಹೀಗಾದರೆ ಆ ಬಾಟಲಿಯ ಮುಚ್ಚಳ ಸರಿಯಾಗಿ ಕೂತಿಲ್ಲ; ಐದರಲ್ಲಿ ಐದೂ ಹೀಗಾದರೆ ಆ ಪಂಪನ್ನೇ ಬಿಡಿ. ಕ್ರಿಂಪ್ ಆದರೆ ಪಂಪನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ ನೋಡಿ, ಸುಲಭವಾಗಿ ತಿರುಗಿದರೆ ಒತ್ತಡ ಸಾಲದು.

ಪೂರ್ತಿ ಬಾಯಿಯವರೆಗೆ ತುಂಬಲೂಬಾರದು. ಆಲ್ಕೋಹಾಲ್ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.11 ಹಿಗ್ಗುತ್ತದೆ. 25 ಡಿಗ್ರಿಯಲ್ಲಿ ತುಂಬಿದ 50 ಮಿ.ಲೀ. 60 ಡಿಗ್ರಿಯ ಕಾರಿನಲ್ಲಿ ಸುಮಾರು 2 ಮಿ.ಲೀ. ಹೆಚ್ಚಾಗುತ್ತದೆ. ಅದಕ್ಕೆ ಜಾಗವಿಲ್ಲದಿದ್ದರೆ ಸಂದಿ ಹುಡುಕಿಕೊಂಡು ಹೊರಗೆ ಬರುತ್ತದೆ, ಜನ ಬೈಯುವುದು ಗಾಜನ್ನು.

ಯಾರು ಏನು ಕೊಳ್ಳಲಿ

ಸ್ಪ್ರೇ ಸೆಂಟು ಮಾಡಿ ಇಲ್ಲೇ ಪಿ.ಜೆ. ಬಡಾವಣೆಯ ಅಂಗಡಿಗಳಿಗೂ ಪರಿಚಯದವರಿಗೂ ಕೊಡುವವರು: ಬಣ್ಣವಿಲ್ಲದ ಸಾದಾ ಗಾಜು, 30 ಅಥವಾ 50 ಮಿ.ಲೀ., ತಿರುಪಿನ ಪಂಪು, ಕಾಗದದ ಪೆಟ್ಟಿಗೆ. ಬಾಟಲಿ, ಪಂಪು, ಮುಚ್ಚಳ, ಪೆಟ್ಟಿಗೆ ಸೇರಿ ನಿಮ್ಮ ಅಂದಾಜು ₹60 ಎಂದಿಟ್ಟುಕೊಳ್ಳಿ. ಗಾಜಿಗೆ ಅದರ ಅರ್ಧಕ್ಕಿಂತ ಹೆಚ್ಚು ಹೋಗಬಾರದು ಎನ್ನುವುದು ನನ್ನ ಹಟ. ಅರ್ಧ ಮೀರಿತು ಎಂದರೆ ಪಂಪಿನಲ್ಲಿ ಉಳಿಸಿದ್ದೀರಿ ಎಂದೇ ಅರ್ಥ.

ಆನ್‌ಲೈನ್ ಮಾರುವವರಿಗೆ ತೂಕ ಶತ್ರು. ದಪ್ಪ ತಳದ ಬಾಟಲಿ ಕೈಗೆ ಹಿತ, ಕೊರಿಯರ್ ಬಿಲ್ಲಿಗೆ ಅಹಿತ. ಜೊತೆಗೆ ಆಲ್ಕೋಹಾಲ್ ಇರುವ ಸೆಂಟು ಬೇಗ ಬೆಂಕಿ ಹಿಡಿಯುವ ಸರಕಾದ್ದರಿಂದ ವಿಮಾನದಲ್ಲಿ ಕಳಿಸಲು ನಿರ್ಬಂಧಗಳಿವೆ. ರಸ್ತೆಯಲ್ಲೇ ಹೋಗುತ್ತದೆ, ದಿನಗಟ್ಟಲೆ ಕುಲುಕುತ್ತದೆ. ಇವರಿಗೆ ಮಧ್ಯಮ ದಪ್ಪದ, ಗುಂಡು ಭುಜದ ಸಾದಾ ಗಾಜು ಮತ್ತು ಕ್ರಿಂಪಿನ ಕುತ್ತಿಗೆ. ಚೂಪು ಮೂಲೆಯ ಚೌಕ ಬಾಟಲಿ ಚಿತ್ರದಲ್ಲಿ ಚೆಂದ, ಏಟು ಬಿದ್ದಾಗ ಮೊದಲು ಒಡೆಯುವುದೂ ಆ ಮೂಲೆಯೇ.

ಎಣ್ಣೆಯ ಅತ್ತರಿನವರಿಗೆ 3ರಿಂದ 10 ಮಿ.ಲೀ. ರೋಲ್‌-ಆನ್, ಸ್ಟೀಲ್ ಗುಂಡಿನದು. ಅಗ್ಗದ ಅತ್ತರಿಗೆ ಸಾದಾ ಗಾಜು, ದುಬಾರಿಯದಕ್ಕೆ ಕೊಳವೆಯ ಬೋರೋಸಿಲಿಕೇಟ್. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನ ಹಳಬರು ಅತ್ತರನ್ನು ಚರ್ಮದ ಕುಪ್ಪಿಯಲ್ಲಿಟ್ಟು ಅದರ ತೇವ ಹೊರಹೋಗಲು ಬಿಡುತ್ತಿದ್ದರು. ಗಾಜು ಏನನ್ನೂ ಹೊರಬಿಡುವುದಿಲ್ಲ, ಆದ್ದರಿಂದ ಅತ್ತರು ಪೂರ್ತಿ ತಿಳಿಯಾದ ಮೇಲೆಯೇ ತುಂಬಿ.

ಚಿತ್ರದುರ್ಗದ ಕೋಟೆ ನೋಡಲು ಬಂದವರಿಗೆ ನೆನಪಿನ ವಸ್ತುವಾಗಿ ಮಾರಬೇಕೆನ್ನುವವರಿಗೆ ಲೆಕ್ಕ ಬೇರೆ. ಸರಕು ದಿನವಿಡೀ ಬಿಸಿಲಲ್ಲಿ ಇರುತ್ತದೆ, ಕೊಂಡವರು ಕಲ್ಲು ಹತ್ತುತ್ತಾ ಚೀಲದಲ್ಲಿ ಹೊತ್ತು ತಿರುಗುತ್ತಾರೆ. ಸಣ್ಣ ಕಂದು ಬಾಟಲಿ, ಎಣ್ಣೆಯ ಅತ್ತರು, ಒಳಗೆ ಬಿರಡೆ ಇರುವ ತಿರುಪಿನ ಮುಚ್ಚಳ. ಇದಕ್ಕಿಂತ ಬೇರೆ ನಾನು ಹೇಳಲಾರೆ. ಮದುವೆಯ ತಾಂಬೂಲಕ್ಕಾದರೆ ಅತಿ ಅಗ್ಗದ ಕಡೆದ ಸಾದಾ ಗಾಜೂ ಆದೀತು, ಒಂದು ತಿಂಗಳಲ್ಲಿ ಖಾಲಿಯಾಗುವ ವಸ್ತು ಅದು.

ಮಾರಾಟಕ್ಕೆ ಇಳಿಯುವವರು ಬಾಟಲಿಯ ಆಕಾರ ಆರಿಸುವಾಗ ಚೀಟಿಗೂ ಜಾಗ ನೋಡಿಕೊಳ್ಳಬೇಕು. ಸುಗಂಧ ದ್ರವ್ಯ ಕಾನೂನಿನ ಲೆಕ್ಕದಲ್ಲಿ ಸೌಂದರ್ಯವರ್ಧಕ. ತಯಾರಿಕೆಗೆ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಇತ್ಯಾದಿಗಳನ್ನು ಮುದ್ರಿಸಲೇಬೇಕು. ಸುತ್ತಲೂ ಕಡೆದ ಬಾಟಲಿಯ ಮೇಲೆ ಇದನ್ನೆಲ್ಲ ಎಲ್ಲಿ ಅಂಟಿಸುತ್ತೀರಿ? ಒಂದಾದರೂ ಸಪಾಟು ಮುಖವಿರಲಿ.

ಕೊನೆಯದಾಗಿ, ಎರಡನೇ ಸಲ ತರಿಸುವಾಗ ಬಾಟಲಿಯ ತಳ ನೋಡಿ. ಅಲ್ಲಿ ಅಚ್ಚಿನ ಸಂಖ್ಯೆಯೋ ಚುಕ್ಕೆಗಳೋ ಇರುತ್ತವೆ. ಅಚ್ಚು ಬದಲಾಗಿದ್ದರೆ ಕುತ್ತಿಗೆಯ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದಿರಬಹುದು, ಹಳೆಯ ಪಂಪು ಸರಿಯಾಗಿ ಕೂರದಿರಬಹುದು. ಮೊದಲ ಸಲದ ಎರಡು ಖಾಲಿ ಬಾಟಲಿ, ಎರಡು ಪಂಪು ತೆಗೆದಿಟ್ಟುಕೊಂಡಿದ್ದು, ಹೊಸ ಮಾಲು ಬಂದ ದಿನವೇ ಹಳೆಯ ಪಂಪನ್ನು ಹೊಸ ಬಾಟಲಿಗೆ, ಹೊಸದನ್ನು ಹಳೆಯದಕ್ಕೆ ಹಾಕಿ ನೋಡಿ. ಹೊಂದದಿದ್ದರೆ ಉಳಿದ ಕಾರ್ಟನ್ ಬಿಚ್ಚುವ ಮೊದಲೇ ವಾಪಸು ಕಳಿಸಿ, ಬಿಚ್ಚಿದ ಮೇಲೆ ನಮ್ಮಂಥ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ.